ಹೆಸರು ಕೂಗಿದಾಗ

ತೊಂಬತ್ತೊಂಬತ್ತರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಅಮೆರಿಕದ ಫೋರ್ಟ್ ಲೀ ಊರಿನ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ನಿಂತಿದ್ದ ಅಣ್ಣ ತಂಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ನನಗೂ ಕನ್ನಡ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

"ಶನಿವಾರ ಇಯಾನ್‌ನ ಕುಲದವರ ಸಂಘದ ಗ್ಯಾದರಿಂಗ್ ಇದೆ ಅಣ್ಣ. ನಾನು ಹೋಗ್ತಿದೀನಿ."

"ಗಂಡನೇ ಇಲ್ಲ ಈಗ. ಆ ಸ್ಕಾಟ್ಲೆಂಡಿನವರ ಮಧ್ಯೆ ನಿನಗೇನು ಕೆಲಸ ಹಂಸಾ?"

"ಈ ವರ್ಷ ತೀರಿಕೊಂಡವರ ಹೆಸರನ್ನ ಒಂದೊಂದಾಗಿ ಕೂಗ್ತಾರೆ. ಮನೆಯವರು ಎದ್ದು ನಿಂತು ಓಗೊಡಬೇಕು. ಇಯಾನ್ ಪರವಾಗಿ ನೀನೇ ನಿಲ್ಲಬೇಕು ಅಂತ ಸಂಘದ ಅಧ್ಯಕ್ಷರು ಫೋನ್ ಮಾಡಿದ್ರು."

"ಅವನ ತಮ್ಮ ಇದಾನಲ್ಲ? ನೀನು ಅವರ ರಕ್ತ ಅಲ್ಲ."

"ನಾನೂ ಅದನ್ನೇ ಹೇಳಿದೆ. ಅದಕ್ಕವರು, ಊರು ಬಿಟ್ಟು ಹಡಗು ಹತ್ತಿ ಬಂದವರು ನಾವು, ಸೊಸೆಯಂದಿರನ್ನ ಹೊರಗಿಟ್ಟಿದ್ರೆ ಕುಲ ಎಲ್ಲಿ ಉಳೀತಿತ್ತು ಅಂದ್ರು."

ಅಣ್ಣ ಅವಳ ಕಡೆ ತಿರುಗಿದ.

"ಮೈಸೂರಲ್ಲಿ ಮನೆದೇವರ ಪೂಜೆಗೆ ನಿನ್ನನ್ನ ಕರೆಯೋದು ಯಾವಾಗ ಬಿಟ್ರು?"

"ನನ್ನ ಮದುವೆ ಆದಾಗಿಂದ. ಅಪ್ಪ ಬೇಡ ಅಂದ್ರು. ನೀನೂ ಸುಮ್ಮನಿದ್ದೆ."

"ಹೌದು. ಸುಮ್ಮನಿದ್ದೆ."

ಅಷ್ಟರಲ್ಲಿ ಬಸ್ಸು ಬಂತು. ಸಾಲು ಮುಂದಕ್ಕೆ ಸರಿಯಿತು.

"ಹೆಸರು ಕೂಗಿದಾಗ ಏನನ್ನಬೇಕು?"

"'ನಾವು ಇಲ್ಲಿದ್ದೀವಿ' ಅನ್ನಬೇಕು."

"ಒಬ್ಬಳೇ ನಿಂತು ನಾವು ಅಂತ ಹೇಗೆ ಹೇಳ್ತೀಯ? ಶನಿವಾರ ಎಷ್ಟು ಹೊತ್ತಿಗೆ ಬರಲಿ?"

ಅವಳು ಅಣ್ಣನ ತೋಳು ಹಿಡಿದುಕೊಂಡು ಬಸ್ಸು ಹತ್ತಿದಳು.