ಎರಡು ಉದ್ದ, ಒಂದು ಗಿಡ್ಡ

ನೆಬ್ರಾಸ್ಕಾದ ಶೆರಿಫ್ ಕಚೇರಿಯಲ್ಲಿ ಬಂದೂಕಿನ ಲೈಸೆನ್ಸಿಗೆ ಕಾದು ಕೂತಿದ್ದ ಮಾರ್ಲಿಸಳ ಪಕ್ಕದಲ್ಲೇ ಇಬ್ಬರು ಮುದುಕಿಯರಿದ್ದರು. ಒಬ್ಬಳು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು.

"ಇನ್ನೊಂದ್ಸಲ ಮಾಡೇ, ವರ್ನಾ."

"ಹನ್ನೊಂದ್ಸಲ ಮಾಡ್ದೆ. ರಿಂಗಾಗ್ತಾನೇ ಇದೆ, ಎತ್ತಲ್ಲ."

"ಹಿಮ ಬೇರೆ ಶುರುವಾಯ್ತು. ಮನೆ ಬಿಟ್ಟು ಹೋಗುವಾಗ ನಿನ್ನ ತಮ್ಮನ ಜೇಬಲ್ಲೇ ಇತ್ತು ತಾನೆ ಫೋನು?"

"ನಾನೇ ಇಟ್ಟು ಗುಂಡಿ ಹಾಕಿದೀನಿ. ಆದ್ರೆ ಎಮಿಲ್‌ಗೆ ಈಗ ನನ್ನ ಹೆಸರೂ ನೆನಪಿಲ್ಲ ಕಣೇ. ಮನೆ ಎಲ್ಲಿ ಅಂದ್ರೆ 'ಜುನಿಪರ್ ಎಕ್ಸ್‌ಚೇಂಜು, ಹದಿನಾಲ್ಕು' ಅಂತಾನೆ."

"ಅಯ್ಯೋ, ನಾವು ಚಿಕ್ಕವರಿದ್ದಾಗಿನ ಆ ಹಳೇ ಫೋನ್ ಲೈನು! ಒಂದೇ ತಂತಿಗೆ ಎಂಟು ಮನೆ. ಯಾರಿಗೆ ಬಂದ್ರೂ ಎಂಟೂ ಮನೇಲಿ ಗಂಟೆ. ಇಂಥ ಹೊತ್ತಲ್ಲಿ ಒಂದೇ ಸಮ ಉದ್ದಕ್ಕೆ ಹೊಡೆದಿದ್ರೆ ಎಲ್ಲರೂ ಹುಡುಕೋಕೆ ಓಡಿ ಬರ್ತಿದ್ರು."

"ಒಂದೊಂದು ಮನೆಗೂ ಒಂದೊಂದು ಥರ ಗಂಟೆ; ನಮ್ಮನೇದು ಎರಡು ಉದ್ದ, ಒಂದು ಗಿಡ್ಡ. ಬೇರೆಯೋರ ಗಂಟೆಗೆ ಫೋನೆತ್ತಿದ್ರೆ ಅಪ್ಪ ಬೆಲ್ಟ್ ಬಿಚ್ತಿದ್ರು. ಎಮಿಲ್ ಅಂತೂ..."

ವರ್ನಾ ಫೋನನ್ನೇ ದಿಟ್ಟಿಸಿದಳು.

"ಅವನಿಗೆ ಕೇಳಿಸ್ತಿದೆ, ಆರ್ಲೀನ್. ನಮ್ಮನೇದಲ್ಲ, ಯಾರ ಮನೇದೋ ಗಂಟೆ ಅಂತ, ಎತ್ತದೆ ಸುಮ್ನೆ ಕೂತಿದಾನೆ. ಆ ಹಿಮದಲ್ಲಿ."

ಒಳಗಿನಿಂದ ಅಧಿಕಾರಿ ಕರೆದ. ಇಬ್ಬರೂ ಎದ್ದು ಹೋದರು. ವರ್ನಾ ಮತ್ತೆ ಕರೆ ಮಾಡಿದ್ದಳು; ಅವಳ ಕೈಯಲ್ಲಿ ಹನ್ನೆರಡನೆಯ ಸಲ ರಿಂಗಾಗುತ್ತಿತ್ತು.