ಮುಂದಿನ ಹದಿನಾರು ಪುಟ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ಪುಸ್ತಕ ಬೈಂಡಿಂಗ್ ಕಾರ್ಖಾನೆಯ ಅಣ್ಣತಮ್ಮಂದಿರು ನಿಂತಿದ್ದರು. ಅಚ್ಚಾದ ಹಾಳೆಯನ್ನು ಹದಿನಾರು ಪುಟವಾಗಿ ಮಡಚುವ ಕೆಲಸದಲ್ಲಿ ತಮ್ಮನ ಜೊತೆ ಅಣ್ಣನ ಹೆಂಡತಿಯೂ ಇದ್ದಳು. ಅಣ್ಣ ಹನ್ನೊಂದು ವರ್ಷದಿಂದ ಕಾರ್ಮಿಕ ಸಂಘದ ಅಧ್ಯಕ್ಷ. ತಮ್ಮನ ಕೈಯಲ್ಲಿ ಅದೇ ಕುರ್ಚಿಗೆ ನಾಮಪತ್ರ.

“ಬಲವಾದ ದೊರೆ ಇಲ್ದಿದ್ರೆ ಜನ ಕಿತ್ತಾಡಿ ಸಾಯ್ತಾರೆ ಅಂತ ನೀನು ಮಡಚಿದ ಪುಸ್ತಕದಲ್ಲೇ ಇದೆಯಲ್ಲೋ.”

“ಅದು ಮೊದಲನೇ ಪಂಡಿತ, ಅಣ್ಣ. ಎರಡನೆಯವನು, ಜನ ಕೊಟ್ಟ ಒಪ್ಪಿಗೆನ ಜನಾನೇ ವಾಪಸ್ ತಗೋಬಹುದು ಅಂತಾನೆ.”

“ಆಮೇಲೆ?”

“ಗೊತ್ತಿಲ್ಲ. ಮುಂದಿನ ಹದಿನಾರು ಪುಟ ಮಡಚಿದ್ದು ಅತ್ತಿಗೆ.”

ಅಣ್ಣ ನಕ್ಕ. “ಅರ್ಧ ಓದ್ಕೊಂಡು ನನ್ನ ಇಳಿಸ್ತೀಯಾ? ನಿನ್ನ ಹೆಸರು ಸೂಚಿಸಿ ಸಹಿ ಹಾಕೋ ಗಂಡೆದೆ ಯಾರಿಗಿದೆ?”

“ಅತ್ತಿಗೆಗೆ.”

ಅಣ್ಣ ಹಾಳೆ ಇಸಿದುಕೊಂಡು ನೋಡಿದ. “ಅವಳು ಮಡಚಿದ್ರಲ್ಲಿ ಏನಿತ್ತಂತೆ?”

“ಓದೇ ಇಲ್ವಂತೆ. ಅರ್ಥ ಆಗೋಕೆ ನಿನ್ನ ಜೊತೆ ಬಾಳಿದ್ದೇ ಸಾಕು ಅಂದ್ರು.”

“ಎಷ್ಟು ಪ್ರತಿ?” ಎಂದ ಅಂಗಡಿಯವನು.

“ಎರಡು,” ಎಂದ ತಮ್ಮ.

“ಮೂರು,” ಎಂದ ಅಣ್ಣ. “ಒಂದನ್ನ ಮನೇಲಿ ತೋರಿಸಿ ಅವಳನ್ನ ಕೇಳ್ಬೇಕು.”

ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೊರಟರು.