ಜಾಗ ಬದಲಾದ ಕೋಳಿ

ಸಹೋದರಿಯರೇ, ತಾಳ್ಮೆಯ ವಿಷಯ ಹೇಳುತ್ತಿದ್ದೆ. ತಾಳ್ಮೆ ಎಂದ ಕೂಡಲೇ ನಾವೆಲ್ಲ ತಲೆಯಾಡಿಸುತ್ತೇವೆ. ತಲೆಯಾಡಿಸುವುದು ಸುಲಭ. ಅದಕ್ಕೇ ಈಗ ಒಂದು ಕೋಳಿಯ ಕಥೆ ಹೇಳುತ್ತೇನೆ, ಕೇಳಿ.

ಗದಗದ ಕಡೆಯ ಒಂದು ಪೇಟೆಯಲ್ಲಿ ಒಬ್ಬಳು ಸಿರಿವಂತೆ ಇದ್ದಳು ಎಂದಿಟ್ಟುಕೊಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಪಕ್ಕದವಳ ಮುಖ ನೋಡುತ್ತೀರಿ. ಅವಳದು ಬಂಗಾರದ ಸಿರಿಯಲ್ಲ, ಕೈಗುಣದ ಸಿರಿ. ಅವಳು ಹಾಕಿದ ಉಪ್ಪಿನಕಾಯಿಗೆ ಬೂಷ್ಟು ಬಂದದ್ದಿಲ್ಲ. ಅವಳು ನೆಟ್ಟ ನುಗ್ಗೆ ಕಾಯಿ ಬಿಡದೆ ಉಳಿದದ್ದಿಲ್ಲ. ಮನೆಯಲ್ಲಿ ಗಂಡ, ಒಬ್ಬನೇ ಮಗ. ಆ ವರ್ಷ ಸೊಸೆಯೂ ಬಂದಿದ್ದಳು.

ಸೊಸೆಯನ್ನು ಆರಿಸಿದವಳೂ ಅವಳೇ. ಯಾರದೋ ಮದುವೆಯಲ್ಲಿ ಆ ಹುಡುಗಿ ಹಾಡಿದ್ದನ್ನು ಕೇಳಿ, ಈ ದನಿ ನನ್ನ ಮನೆಗೆ ಬೇಕು ಎಂದು ಹಟ ಹಿಡಿದು ತಂದಳು. ನೋಡಿ, ಆಸೆ ಒಳ್ಳೆಯದೇ. ಆದರೆ ಹುಡುಗಿ ಬಂದಳು, ದನಿ ಬರಲಿಲ್ಲ. ಕರೆದರೆ "ಬಂದೆರಿ", ಹೇಳಿದರೆ "ಹೂಂರಿ". ಅಷ್ಟೇ. ತವರಿನಲ್ಲಿ ಹಾಡುತ್ತಿದ್ದವಳಿಗೆ ಇಲ್ಲಿ ಬಾಯಿಗೆ ಏನಾಯಿತೋ ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು.

ಇಂಥ ಹೊತ್ತಿನಲ್ಲಿ ಅವಳಿಗೆ ಕೋಳಿ ಸಾಕುವ ಮನಸ್ಸಾಯಿತು. ಹಿತ್ತಿಲು ದೊಡ್ಡದಿದೆ, ಅನ್ನ ಜೋಳ ಮಿಗುತ್ತದೆ, ಮನೆಯ ಮೊಟ್ಟೆ ತಿನ್ನೋಣ ಎಂದಳು. ತಪ್ಪೇನು? ಪಕ್ಕದ ಹಳ್ಳಿಗೆ ಹೋಗಿ, ದಿನಾ ಮೊಟ್ಟೆ ಇಡುತ್ತಿದ್ದ ನಾಲ್ಕು ಕೋಳಿಗಳನ್ನೇ ನೋಡಿ ಆರಿಸಿ ತಂದಳು. ಹೊಸ ಕೋಳಿ ಮನೆ ಬಿಟ್ಟು ಓಡದಿರಲಿ ಎಂದು ಒಲೆಗೆ ಮೂರು ಸುತ್ತು ಸುತ್ತಿಸುವ ಪದ್ಧತಿ ನಿಮಗೂ ಗೊತ್ತಲ್ಲ? ಅವಳ ಮನೆಯಲ್ಲಿ ಒಲೆ ಎಲ್ಲಿದೆ? ಗ್ಯಾಸ್ ಸಿಲಿಂಡರನ್ನು ನಡುಮನೆಗೆ ಎಳೆದು ಅದಕ್ಕೇ ಸುತ್ತಿಸಿದಳು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ನೋಡಿ, "ಸೊಸಿನ್ನೂ ಹಿಂಗ ಸುತ್ತಿಸಿದ್ದಿ ಏನಬೇ ಅಕ್ಕಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ.

ಗೂಡು ಚೆನ್ನಾಗಿತ್ತು. ಬೆಕ್ಕು ನುಗ್ಗದಂತೆ ಜಾಲರಿ, ನೆಲಕ್ಕೆ ಭತ್ತದ ಹೊಟ್ಟು, ಮೂಲೆಯಲ್ಲಿ ಹುಲ್ಲು ಹಾಸಿದ ಬುಟ್ಟಿ. ಎಲ್ಲವೂ ಇತ್ತು. ಮೊಟ್ಟೆ ಮಾತ್ರ ಇಲ್ಲ. ಒಂದು ವಾರ ಕಳೆಯಿತು, ಇಲ್ಲ. ಎರಡನೆಯ ವಾರವೂ ಇಲ್ಲ.

ಈಗ ನಮ್ಮ ಸಿರಿವಂತೆ ಏನು ಮಾಡಿದಳು? ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಕೋಳಿಯ ಕೆಳಗೆ ಕೈ ಹಾಕಿ ನೋಡಿದಳು. ಚಹಾ ಕುಡಿದು ಬಂದು ಮತ್ತೆ ಕೈ ಹಾಕಿದಳು. ಬುಟ್ಟಿ ಇಟ್ಟ ಮೂಲೆ ಸರಿಯಿಲ್ಲವೇನೋ ಎಂದು ಇನ್ನೊಂದು ಮೂಲೆಗೆ ಸರಿಸಿದಳು. ಮರುದಿನ ಮತ್ತೊಂದಕ್ಕೆ. ಜೋಳ ಬಿಟ್ಟು ಅಕ್ಕಿ ಹಾಕಿದಳು, ಅಕ್ಕಿ ಬಿಟ್ಟು ಗೋಧಿ ಹಾಕಿದಳು. ಪ್ರೀತಿ ಇರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ಆದರೆ ಆ ಪ್ರೀತಿ ಒಂದು ಗಳಿಗೆಯೂ ಕೈ ಕಟ್ಟಿ ಕೂರಲಿಲ್ಲ.

ಅಡುಗೆಮನೆಯಲ್ಲೂ ಹೀಗೆಯೇ. ಸೊಸೆ ಮುಚ್ಚಿದ ಪಾತ್ರೆಯ ಮುಚ್ಚಳ ತೆಗೆದು ನೋಡುವಳು. ಸೊಸೆ ಹೆಚ್ಚಿದ ಈರುಳ್ಳಿಯನ್ನು ಇನ್ನೊಮ್ಮೆ ಸಣ್ಣಗೆ ಹೆಚ್ಚುವಳು. ಸೊಸೆ ಇಟ್ಟ ಡಬ್ಬಿಯನ್ನು ಅವಳ ಕಣ್ಣೆದುರೇ ಎತ್ತಿ ಬೇರೆ ಕಡೆ ಇಡುವಳು. ಬೈಯುತ್ತಿರಲಿಲ್ಲ. ಬೈದಿದ್ದರೆ ಹುಡುಗಿ ಅತ್ತಾದರೂ ಹಗುರಾಗುತ್ತಿದ್ದಳೋ ಏನೋ.

ತವರಿನಲ್ಲಿ ಅಕ್ಕನ ಬಾಣಂತನ; ಅದಕ್ಕೆ ಸೊಸೆಯನ್ನು ಕರೆದುಕೊಂಡು ಹೋಗಲು ಅವಳ ತಂದೆ ಭಾನುವಾರ ಬರುವುದೆಂದು ನಿಶ್ಚಯವಾಯಿತು. ಹುಡುಗಿ ತನ್ನ ಸೀರೆಗಳನ್ನೆಲ್ಲ ಟ್ರಂಕಿನಲ್ಲಿ ತುಂಬಿದಳು. ಎಲ್ಲವನ್ನೂ. ಈ ಸಲ ಹೋದರೆ ತಿರುಗಿ ಬರಬಾರದು ಎಂದು ಅವಳು ಮನಸ್ಸು ಮಾಡಿಯಾಗಿತ್ತು. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಏನೆಂದು ಹೇಳುವುದು? ಅತ್ತೆ ಹೊಡೆದಳೇ? ಇಲ್ಲ. ಉಪವಾಸ ಕೆಡವಿದಳೇ? ಇಲ್ಲ. ಡಬ್ಬಿ ಸರಿಸಿದಳು ಎಂದರೆ ಯಾರು ನಂಬುತ್ತಾರೆ, ಹೇಳಿ? ಎಷ್ಟು ಹೆಣ್ಣುಮಕ್ಕಳ ದುಃಖ ಹೀಗೆ ಬಾಯಿಗೆ ಬಾರದಷ್ಟು ಸಣ್ಣದಾಗಿ, ಎದೆಯಲ್ಲಿ ಹಿಡಿಸದಷ್ಟು ದೊಡ್ಡದಾಗಿ ಇರುತ್ತದೆ.

ಭಾನುವಾರ ಬೆಳಿಗ್ಗೆ ಅತ್ತೆ, ಬೀಗರು ಬರುತ್ತಾರೆ, ಮೊಟ್ಟೆ ಇಡದ ಕೋಳಿ ಸಾರಿಗಾದರೂ ಆಗಲಿ, ಒಂದನ್ನು ಹಿಡಿದು ತಾ ಎಂದು ಸೊಸೆಯನ್ನು ಹಿತ್ತಿಲಿಗೆ ಕಳಿಸಿದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಅತ್ತೆ ಹುಡುಕಿಕೊಂಡು ಹೋದಳು. ಹುಡುಗಿ ಗೂಡಿನ ಮುಂದೆ ನೆಲದ ಮೇಲೆ ಕೂತಿದ್ದಳು. ಒಂದು ಕೆಂಪು ಕೋಳಿ ಅವಳ ಮಡಿಲಲ್ಲಿ ಕಣ್ಣು ಮುಚ್ಚಿ ಕೂತಿತ್ತು.

"ಕೊಯ್ಯೂದು ಬ್ಯಾಡ್ರಿ ಅತ್ತಿ."

"ತತ್ತಿ ಇಡದ ಕೋಳಿ ಇಟ್ಕೊಂಡು ಏನ ಮಾಡೂದೈತಿ? ಹಾಡ ಹಾಡತೈತೇನು?"

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು. ಬಿಟ್ಟು ಹೋಗುವವಳಿಗೆ ಇನ್ನೇನು ಭಯ? ಹುಡುಗಿ ತಲೆ ಎತ್ತಿದಳು.

"ಇಡತಾವರಿ. ಜಾಗಾ ಬದಲಾದ ಕೋಳಿ ಅದಾವ, ಅಂಜ್ಯಾವ. ನೀವು ಗಳಿಗಿಗೊಮ್ಮೆ ಬಾಗಲಾ ತಗದು ಕೈ ಹಾಕತೀರಿ. ನಿನ್ನೆ ಇದ್ದಲ್ಲೆ ಇವತ್ತ ಬುಟ್ಟಿ ಇರೂದಿಲ್ಲ. ಯಾವ ಮೂಲಿ ತಮ್ದು ಅಂತ ಅವಕ್ಕ ಹೆಂಗ ತಿಳೀಬೇಕ್ರಿ?"

ಆ ಮನೆಗೆ ಬಂದ ಮೇಲೆ ಅವಳು ಆಡಿದ ಅತಿ ಉದ್ದದ ಮಾತು ಅದು. ಅತ್ತೆಗೆ ಸಿಟ್ಟೇ ಬಂತು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದಳು. ನಮ್ಮವ್ವ ಸಾಕಿದ್ದಾಳೆ ಎಂದಳು ಸೊಸೆ.

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

ಹುಡುಗಿ ಕೋಳಿಯ ಬೆನ್ನು ಸವರಿದಳು. "ನಾ ಇಟ್ಟ ಡಬ್ಬಿನ ನೀವು ಇಟ್ಟಲ್ಲೆ ಇರಗೊಡೂದಿಲ್ಲ. ನನ್ನ ಮಾತ ಎಲ್ಲೆ ಇಡಲಿರಿ?"

ಅತ್ತೆ ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. ಅದು ಅವಳ ಸ್ವಭಾವವಲ್ಲ. ಕೋಳಿ ಬಿಡು, ಬದನೆಕಾಯಿ ಎಣ್ಣೆಗಾಯಿ ಮಾಡು, ರೊಟ್ಟಿಯನ್ನೂ ನೀನೇ ಬಡಿ, ನಾನು ಒಳಗೆ ಬರುವುದಿಲ್ಲ ಎಂದು ಹೇಳಿ ಕಟ್ಟೆಯ ಮೇಲೆ ಹೋಗಿ ಕೂತಳು. ಕೂರುವುದು ಸುಲಭವಿತ್ತೇ? ಒಳಗೆ ಒಗ್ಗರಣೆ ಚಟಗುಟ್ಟಿದಾಗ ಎದ್ದಳು, ಕೂತಳು. ಶೇಂಗಾ ಹೊತ್ತಿದ ವಾಸನೆ ಬಂದಾಗ ಬಾಗಿಲ ತನಕ ಹೋದಳು, ತಿರುಗಿ ಬಂದು ಕೂತಳು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ಏನೂ ಮಾಡದೆ ಇರುವ ಕೆಲಸ ಅದು.

ಬೀಗರು ಬಂದರು, ಉಂಡರು. ಹೊರಡುವ ಹೊತ್ತಾಯಿತು. ಹುಡುಗಿ ಒಳಗೆ ಹೋಗಿ ಟ್ರಂಕು ತೆರೆದು, ನಾಲ್ಕು ಸೀರೆ ತೆಗೆದು ಚೀಲದಲ್ಲಿ ಹಾಕಿಕೊಂಡು, ಟ್ರಂಕನ್ನು ಮಂಚದ ಕೆಳಗೆ ತಳ್ಳಿದಳು. ಅದನ್ನು ಯಾರೂ ನೋಡಲಿಲ್ಲ. ಬಾಗಿಲಲ್ಲಿ ಅತ್ತೆ, ಯಾವಾಗ ಬರುತ್ತಿ ಎಂದು ಕೇಳಲು ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಂಡಳು. ಸೊಸೆಯೇ ಹೇಳಿದಳು.

"ಬುಟ್ಟಿ ಸರಸಬ್ಯಾಡ್ರಿ ಅತ್ತಿ. ನಾ ಬಂದು ನೋಡತೀನಿ."

ಕೋಳಿ ಮೊಟ್ಟೆ ಇಟ್ಟವೇ ಎಂದು ಕೇಳುತ್ತೀರಾ? ಇಟ್ಟವು. ಅದೇನು ದೊಡ್ಡ ಮಾತು? ಮೊಟ್ಟೆ ಇಡುವುದು ಕೋಳಿಯ ಹುಟ್ಟುಗುಣ. ಅದನ್ನು ಅದರ ಪಾಡಿಗೆ ಬಿಡುವುದು ಮನುಷ್ಯರಿಗೆ ಗೊತ್ತಿರಬೇಕು, ಅಷ್ಟೇ.

ಈಗ ನಿಮ್ಮ ಕಡೆ ಬರುತ್ತೇನೆ. ನಗಬೇಡಿ, ನೀವೂ ಇದ್ದೀರಿ ಇದರಲ್ಲಿ. ಮಗಳನ್ನು ಓದಲು ಕೂರಿಸಿ ಹೆಗಲ ಮೇಲಿಂದ ಇಣುಕುವವರು ಯಾರು? ಗಂಡ ಮಡಿಸಿದ ಚಾದರವನ್ನು ಬಿಚ್ಚಿ ಮತ್ತೆ ಮಡಿಸುವವರು ಯಾರು? ದೇವರು ನಿಮ್ಮನ್ನು ಹೀಗೆ ನಡೆಸಿಕೊಂಡಿದ್ದಾನೆಯೇ? ನಿಮ್ಮೊಳಗೆ ಏನು ಫಲ ಬಂತು ಎಂದು ಗಳಿಗೆಗೊಮ್ಮೆ ಕೆದಕಿ ನೋಡಿದ್ದಾನೆಯೇ? ಇಲ್ಲ. ವರ್ಷಗಟ್ಟಲೆ ಬಿಟ್ಟಿದ್ದಾನೆ, ಕಾದಿದ್ದಾನೆ. ಹಾಗೆ ಕಾದದ್ದರಿಂದಲೇ ಈ ಹೊತ್ತು ನೀವು ಇಲ್ಲಿ ಕೂತಿದ್ದೀರಿ.

ಆದ್ದರಿಂದ ಇವತ್ತು ಪ್ರಾರ್ಥನೆ ಮುಗಿಸಿ ಮನೆಗೆ ಹೋಗಿ ಹೆಚ್ಚೇನೂ ಮಾಡಬೇಡಿ. ನಾಳೆ ಬೆಳಿಗ್ಗೆ ಸೊಸೆಯೋ ಮಗಳೋ ಚಹಾ ತಂದು ಕೊಡುತ್ತಾಳೆ. ಸಕ್ಕರೆ ಹೆಚ್ಚಾಗಿರಬಹುದು, ಶುಂಠಿ ಮರೆತಿರಬಹುದು. ಹೇಳಬೇಕೆಂದು ನಾಲಿಗೆ ತುದಿಯವರೆಗೂ ಬರುತ್ತದೆ. ಆ ಮಾತನ್ನು ಚಹಾದ ಜೊತೆಗೇ ನುಂಗಿ, ಲೋಟ ಅವಳ ಕೈಗೆ ಕೊಟ್ಟು, ಇವತ್ತು ಅಡುಗೆ ಏನು ಮಾಡೋಣ ಎಂದು ಅವಳನ್ನು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಅವಳು ಯೋಚಿಸಲಿ. ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ, ಉತ್ತರ ಅವಳೇ ಹೇಳಲಿ.